ಸಣ್ಣ ಮೈದಾನ, ದೊಡ್ಡ ಕ್ರಾಂತಿ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿಗೆ,

ಪತ್ರ ಸಿಕ್ಕಿತು. ವಿಜಯಪುರದಲ್ಲಿ ಕೂತು ತಾಲ್ಲೂಕು ಪಂದ್ಯಗಳ ಸ್ಕೋರು ಬರೆದು ಬರೆದು ಸಾಕಾಗಿದೆ, ಕ್ರಾಂತಿ, ಯುದ್ಧ ಅಂತ ಏನಾದರೂ ದೊಡ್ಡ ವಿಷಯ ಹಿಡಿದು ಪುಸ್ತಕ ಬರೆಯಬೇಕು ಅಂದಿದ್ದೀಯ. ಆಸೆ ಒಳ್ಳೆಯದೇ. ಆದರೆ ಕ್ರೀಡಾ ಪುಟ ಬಿಡಬೇಕಾ ಅಂತ ಕೇಳಿದರೆ, ಸದ್ಯಕ್ಕೆ ಬೇಡ ಅಂತಲೇ ಹೇಳುತ್ತೇನೆ.

ಡೇವಿಡ್ ಲ್ಯಾಂಬ್ ಅಂತ ಒಬ್ಬರು ಅಮೆರಿಕನ್ ವರದಿಗಾರರಿದ್ದರು. ವಿಯೆಟ್ನಾಂ ಯುದ್ಧ ಕಂಡವರು. ನೈರೋಬಿ, ಕೈರೋಗಳಲ್ಲಿ ಇದ್ದು ಆಫ್ರಿಕಾದ ಮೇಲೊಂದು, ಅರಬರ ಮೇಲೊಂದು ಪುಸ್ತಕ ಬರೆದವರು. ಅಷ್ಟೆಲ್ಲ ಆದ ಮೇಲೆ ಅವರು ಹೋಗಿದ್ದು ಎಲ್ಲಿಗೆ ಗೊತ್ತಾ? ಅಮೆರಿಕದ ಚಿಕ್ಕ ಚಿಕ್ಕ ಊರುಗಳ ಬೇಸ್‌ಬಾಲ್ ಮೈದಾನಗಳಿಗೆ. ಆ ಸುತ್ತಾಟದ ಪುಸ್ತಕ ‘ಸ್ಟೋಲನ್ ಸೀಸನ್’ 1991ರಲ್ಲಿ ಬಂತು. ನಿನಗೆ ಹಿಂಬಡ್ತಿಯ ಹಾಗೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ.

ಆ ಮೈದಾನಗಳಲ್ಲಿ ನಡೆಯೋದು ಮೈನರ್ ಲೀಗ್, ಅಂದರೆ ಕೆಳಹಂತದ ಬೇಸ್‌ಬಾಲ್. ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ಡಿವಿಜನ್ ಪಂದ್ಯಗಳ ಥರ ಅಂದುಕೋ. ಆದರೆ ಅಲ್ಲಿನ ಹುಡುಗರ ಒಪ್ಪಂದ ಮೇಲಿನ ದೊಡ್ಡ ತಂಡದ ಕೈಯಲ್ಲಿರುತ್ತದೆ. ಊರು ಗೆಲ್ಲುವುದಕ್ಕಿಂತ ಹುಡುಗ ತಯಾರಾಗುವುದು ಮುಖ್ಯ. ಚೆನ್ನಾಗಿ ಆಡಿದವನನ್ನು ಒಂದು ದಿನ ಮೇಲಕ್ಕೆ ಕರೆಸಿಕೊಳ್ಳುತ್ತಾರೆ. ಊರಿನವರು ಚಪ್ಪಾಳೆ ತಟ್ಟುವುದೇ ನಾಳೆ ಇಲ್ಲಿರದ ಹುಡುಗನಿಗೆ. ಉಳಿದವರು ಬಸ್ಸಲ್ಲಿ ರಾತ್ರಿಯಿಡೀ ಮುಂದಿನ ಊರಿಗೆ ಹೋಗುತ್ತಾರೆ.

1981ರ ಏಪ್ರಿಲ್ 18ರ ಶನಿವಾರ ರಾತ್ರಿ ರೋಡ್ ಐಲೆಂಡ್ ರಾಜ್ಯದ ಪಟಕೆಟ್‌ನಲ್ಲಿ ಅಂಥದ್ದೊಂದು ಪಂದ್ಯ. ಎದುರಾಳಿ ರಾಚೆಸ್ಟರ್ ತಂಡ. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದ ಆಟ ಸಮ ಆಗುತ್ತಲೇ ಹೋಯಿತು. ತಡರಾತ್ರಿ ಆಟ ನಿಲ್ಲಿಸುವ ನಿಯಮ ಲೀಗ್‌ನಲ್ಲಿ ಇತ್ತು, ಅಂಪೈರ್‌ಗಳ ಕೈಪಿಡಿಯಲ್ಲಿ ಮಾತ್ರ ಅದು ಬಿಟ್ಟುಹೋಗಿತ್ತು! ಚಳಿ ತಡೆಯಲಾಗದೆ ಆಟಗಾರರು ಮುರಿದ ಬ್ಯಾಟುಗಳನ್ನು ಡ್ರಮ್ಮಿಗೆ ಹಾಕಿ ಬೆಂಕಿ ಕಾಯಿಸಿಕೊಂಡರು. ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ, 32 ಇನಿಂಗ್ಸ್ ಆದ ಮೇಲೆ ನಿಲ್ಲಿಸಿದರು. ಆಗ ಕೂತಿದ್ದ ಪ್ರೇಕ್ಷಕರು 19 ಜನ. ಜೂನ್ 23ಕ್ಕೆ ಮತ್ತೆ ಶುರು ಮಾಡಿದರೆ ಹದಿನೆಂಟೇ ನಿಮಿಷಕ್ಕೆ ಮುಗಿಯಿತು. ಪಟಕೆಟ್ ಗೆದ್ದಿತು.

ಅವತ್ತು ಆಡಿದ ಕ್ಯಾಲ್ ರಿಪ್ಕೆನ್, ವೇಡ್ ಬಾಗ್ಸ್ ಇಬ್ಬರೂ ಮುಂದೆ ದೊಡ್ಡ ಹೆಸರಾದರು. ಗೆಲುವಿನ ಹೊಡೆತ ಹೊಡೆದ ಡೇವ್ ಕೋಝಾ ಮೇಲಿನ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಮೂವತ್ತು ವರ್ಷ ಬಿಟ್ಟು, 2011ರಲ್ಲಿ, ನ್ಯೂಯಾರ್ಕ್ ಟೈಮ್ಸ್‌ನ ಡ್ಯಾನ್ ಬ್ಯಾರಿ ಅದೊಂದು ಪಂದ್ಯದ ಮೇಲೆ ಪೂರ್ತಿ ಪುಸ್ತಕ ಬರೆದರು. ಪುಸ್ತಕ ಹೀಗೇ ಬರಲಿ ಅಂತ ಒತ್ತಡ ಹಾಕೋಕೆ ಅಲ್ಲಿ ಯಾವ ಪಕ್ಷವೂ ಇಲ್ಲ, ಸರ್ಕಾರವೂ ಇಲ್ಲ. ಸೋತವನ ಹತ್ತಿರ ಮಾತಾಡೋಕೆ ಟೈಮ್ ಇರುತ್ತದೆ, ಮುಚ್ಚಿಡೋಕೆ ಜಾಸ್ತಿ ಏನೂ ಇರುವುದಿಲ್ಲ. ಕಿವಿ ಪಳಗಬೇಕಾದ್ದು ಇಂಥ ಕಡೆ.

ಈಗ ನಿನ್ನ ಕ್ರಾಂತಿಗೆ ಬರೋಣ. ಎಡ್ಗರ್ ಸ್ನೋ ಅಮೆರಿಕದ ಪತ್ರಕರ್ತ, ಕಾನ್ಸಾಸ್ ಸಿಟಿಯ ಹುಡುಗ. 1928ರಲ್ಲಿ ಚೀನಾಕ್ಕೆ ಹೋದರು, ಅಲ್ಲೇ ಉಳಿದರು. 1936ರಲ್ಲಿ ಮಾವೋ ಅವರ ಕಮ್ಯುನಿಸ್ಟ್ ಕೆಂಪು ಸೇನೆಯ ಸುತ್ತ ಸುದ್ದಿಯ ದಿಗ್ಬಂಧನ. ಮಾವೋ ಬದುಕಿದ್ದಾರೋ ಇಲ್ಲವೋ ಅಂತಲೇ ಹೊರಗಿನವರಿಗೆ ಖಾತರಿ ಇರಲಿಲ್ಲ. ಸ್ನೋ ಕಾಣದ ಶಾಯಿಯಲ್ಲಿ ಬರೆದ ಪರಿಚಯ ಪತ್ರ ಇಟ್ಟುಕೊಂಡು ಆ ದಿಗ್ಬಂಧನ ದಾಟಿದರು. ಬಾವೋಆನ್ ಎಂಬ ಊರಲ್ಲಿ ರಾತ್ರಿಗಟ್ಟಲೆ ಕೂತು ಮಾವೋ ಮಾತು ಬರೆದುಕೊಂಡರು. ಅದೇ ‘ರೆಡ್ ಸ್ಟಾರ್ ಓವರ್ ಚೈನಾ’, 1937ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಅದನ್ನು ಓದುವಾಗ ಸಿದ್ಧಾಂತದ ಪುಟಗಳನ್ನು ಬೇಗ ದಾಟಿದರೂ ನಡೆಯುತ್ತದೆ. ಮಾವೋ ಮಾತಾಡುತ್ತಲೇ ಪ್ಯಾಂಟಿನ ಸೊಂಟ ಮಡಿಸಿ ಕೂರೆ ಹುಡುಕಿದ್ದು, ಅವರ ಕೋಣೆಯಲ್ಲಿದ್ದ ಒಂದೇ ಐಷಾರಾಮ ಸೊಳ್ಳೆ ಪರದೆ ಅನ್ನುವುದು, ಇವನ್ನು ಮಾತ್ರ ಬಿಡಬೇಡ. ವಾಪಸ್ ಬರುವಾಗಿನ ಕಥೆ ಇನ್ನೂ ಚೆಂದ. ಒಂದು ಡಜನ್ ಡೈರಿ, ನೋಟ್‌ಬುಕ್ಕು, 30 ರೋಲು ಫಿಲಂ ಇದ್ದ ಬ್ಯಾಗನ್ನು ಗೋಣಿಚೀಲಕ್ಕೆ ತುರುಕಿ, ರಿಪೇರಿಗೆ ಹೊರಟ ಬಂದೂಕಿನ ಚೀಲಗಳ ಜೊತೆ ಲಾರಿಗೆ ಹಾಕಿದ್ದರು. ಷಿಯಾನ್ ತಲುಪಿ ನೋಡಿದರೆ ಚೀಲ ಇಲ್ಲ! ಇಪ್ಪತ್ತು ಮೈಲಿ ಹಿಂದೆ, ಬಂದೂಕುಗಳ ಜೊತೆಯಲ್ಲೇ ಇಳಿಸಿಬಿಟ್ಟಿದ್ದರು. ಬೆಳಗಾದರೆ ಕೆಂಪು ಸೇನೆಯ ವೈರಿ, ಆಗಿನ ಸರ್ಕಾರದ ನಾಯಕ ಚಿಯಾಂಗ್ ಕೈ ಷೇಕ್ ಬರುವವರು, ರಸ್ತೆ ಬಂದ್. ಲಾರಿಯನ್ನು ವಾಪಸ್ ಓಡಿಸಿ ಹೇಗೋ ಚೀಲ ತರಿಸಿದರು. ತಡವಾಗಿದ್ದರೆ ಆ ಪುಸ್ತಕವೇ ಇರುತ್ತಿರಲಿಲ್ಲ.

ಆದರೆ ಒಂದು ಗಮನಿಸು. ಮಾವೋ ಹೇಳಿದ್ದನ್ನು ದುಭಾಷಿ ಇಂಗ್ಲಿಷಿಗೆ ತರುತ್ತಿದ್ದರು, ಸ್ನೋ ಬರೆದುಕೊಳ್ಳುತ್ತಿದ್ದರು. ಅದನ್ನು ಮತ್ತೆ ಚೀನಿ ಭಾಷೆಗೆ ತಿರುಗಿಸಿ ಮಾವೋಗೆ ಕೊಡುತ್ತಿದ್ದರು, ಅವರು ತಿದ್ದುತ್ತಿದ್ದರು. ಊಟ, ವಸತಿ, ಕುದುರೆ, ಕಾವಲು ಎಲ್ಲ ಕೆಂಪು ಸೇನೆಯದ್ದೇ. ಆಗಿನ್ನೂ ಸೇನೆ ಬಡವಾಗಿತ್ತು, ತೋರಿಸೋಕೆ ಇದ್ದದ್ದೂ ಕಡಿಮೆ, ಸ್ನೋ ಕಣ್ಣು ಚುರುಕಾಗಿತ್ತು. ಹಾಗಾಗಿ ಪುಸ್ತಕ ಇವತ್ತಿಗೂ ನಿಲ್ಲುತ್ತದೆ ಅಂತ ನನ್ನ ಲೆಕ್ಕ.

1960ರಲ್ಲಿ ಅವರು ಮತ್ತೆ ಹೋದರು. ಈ ಸಲ ಗೆದ್ದು ಅಧಿಕಾರದಲ್ಲಿದ್ದ ಮಾವೋ ಕಡೆಯವರ ಅತಿಥಿ, ಹಳೇ ಗೆಳೆಯ. ಹಳ್ಳಿಗಳಲ್ಲಿ ಕೋಟಿಗಟ್ಟಲೆ ಜನರನ್ನು ಬಲಿ ತೆಗೆದುಕೊಂಡ ಬರಗಾಲ ನಡೀತಿತ್ತು. ಹಸಿವಿನಿಂದ ಸಾಯುವವರನ್ನು ನಾನು ಕಾಣಲಿಲ್ಲ ಅಂತ ಸ್ನೋ ಬರೆದರು. ಇದೇ ಮನುಷ್ಯ 1929ರಲ್ಲಿ ಸಾರಾಚಿ ಎಂಬ ಊರಲ್ಲಿ ಬರಗಾಲದ ಹೆಣಗಳನ್ನು ಕಣ್ಣಾರೆ ಕಂಡವರು, ಅದೇ ತಮ್ಮ ಕಣ್ಣು ತೆರೆಸಿತು ಅಂದವರು. ಅವರು ಬೇಕಂತಲೇ ಸುಳ್ಳು ಬರೆದರು ಅಂತ ನಾನು ಹೇಳಲಾರೆ. ಕರೆದುಕೊಂಡು ಹೋದ ಕಡೆ ಹೋದರು, ತೋರಿಸಿದ್ದನ್ನು ನೋಡಿದರು. ಗೆಳೆತನದ ಋಣ ಕೆಟ್ಟದ್ದು ತಂಗಿ, ಲಂಚಕ್ಕಿಂತ ಕೆಟ್ಟದ್ದು. ಲಂಚ ತಗೊಂಡವನಿಗೆ ತಾನು ತಗೊಂಡಿದ್ದೇನೆ ಅಂತಾದರೂ ಗೊತ್ತಿರುತ್ತದೆ.

ಅದಕ್ಕೇ ಕ್ರೀಡಾ ಪುಟ ಬಿಡಬೇಡ ಅಂದದ್ದು. ಕಬಡ್ಡಿ ಟೂರ್ನಿಯಲ್ಲಿ ಆಯೋಜಕರ ವೇದಿಕೆ ಬಿಟ್ಟು, ಸೋತ ತಂಡದ ಟೆಂಪೋ ಹತ್ತಿರ ಹೋಗಿ ನಿಲ್ಲು. ಊರಿಗೆ ಹೋಗೋಕೆ ದುಡ್ಡು ಯಾರು ಕೊಡುತ್ತಾರೆ ಅಂತ ಕೇಳು. ಹೇಳಿದ್ದನ್ನು ಅವತ್ತೇ ಬರೆದಿಡು, ಒಂದು ಪ್ರತಿ ಬೇರೆ ಕಡೆ ಇಡು. ಗೋಣಿಚೀಲದ ಕಥೆ ನೆನಪಿರಲಿ.

ಚೀನಾ ಬೇಕೇ ಬೇಕು ಅಂದರೆ ನಿನ್ನ ಮಗ್ಗುಲಲ್ಲೇ ಸೊಲ್ಲಾಪುರ ಇದೆ. 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐವರು ವೈದ್ಯರಲ್ಲಿ ದ್ವಾರಕಾನಾಥ ಕೋಟ್ನಿಸ್ ಆ ಊರಿನವರು. ಮುಂಬೈಯಲ್ಲಿ ಡಾಕ್ಟರಿಕೆ ಓದಿ ಹೋದವರು ವಾಪಸ್ ಬರಲಿಲ್ಲ. 1942ರಲ್ಲಿ, 32ರ ವಯಸ್ಸಿಗೆ, ಅಲ್ಲೇ ತೀರಿಕೊಂಡರು. ಚೀನಾದ ನಾಯಕರು ಭಾರತಕ್ಕೆ ಬಂದಾಗ ಅವರ ಮನೆಯವರನ್ನು ಕಂಡು ಕೈ ಕುಲುಕಿದ್ದಾರೆ. ಭಾಷಣದ ಕೋಟ್ನಿಸ್ ಎಲ್ಲರಿಗೂ ಸಿಗುತ್ತಾರೆ. ಮನೆಯಲ್ಲಿ ಯಾರು ಬೇಡ ಅಂದರು, ಕಾಗದ ಬರೋದು ಯಾವಾಗ ನಿಂತಿತು, ಅದನ್ನೆಲ್ಲ ನೀನೇ ಹುಡುಕಬೇಕು.

ಸೋಮವಾರ ನಿನಗೆ ರಜೆ ಅಲ್ವಾ? ಬೆಳಗಿನ ಬಸ್ಸಿಗೆ ಹೋಗು, ಟಿಕೆಟ್ ನೀನೇ ತಗೊ. ಸನ್ಮಾನ ಸಮಿತಿಯವರು ಕಾರು ಕಳಿಸುತ್ತೇವೆ ಅಂದರೆ ಬೇಡ ಅನ್ನು.

ಇಂತಿ,
ನಿನ್ನ ಅಣ್ಣ