ಚೀಟಿಯಿಲ್ಲದೆ ಕೊಟ್ಟ ನೋವಿನ ಮಾತ್ರೆ

ಮಾನ್ಯ ಸಂಪಾದಕರೇ,

ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಿರಲೆಂದು ನಿತ್ಯ ವಾರ್ಫರಿನ್ ನುಂಗುವ ನಮ್ಮ ತಂದೆಯವರಿಗೆ ಜಮಖಂಡಿಯ ಔಷಧಿ ಅಂಗಡಿಯೊಂದರಲ್ಲಿ ಮೊಣಕಾಲು ನೋವಿಗೆಂದು ವೈದ್ಯರ ಚೀಟಿ ಕೇಳದೆಯೇ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಕೊಟ್ಟರು. ಐದನೆಯ ದಿನ ಹಲ್ಲುಜ್ಜುವಾಗ ಒಸಡಿನ ರಕ್ತ ನಿಲ್ಲಲಿಲ್ಲ. ಮಲ ಡಾಂಬರಿನಂತೆ ಕಪ್ಪಾಗಿತ್ತು. ನೋವಿನ ಮಾತ್ರೆ ಜಠರದ ಒಳಪದರಕ್ಕೆ ಹುಣ್ಣು ಮಾಡುವುದಲ್ಲದೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಕೆಲಸವನ್ನೂ ಕುಂಠಿತಗೊಳಿಸುವುದರಿಂದ, ವಾರ್ಫರಿನ್ ಜೊತೆ ಸೇರಿದಾಗ ರಕ್ತಸ್ರಾವ ಪ್ರಾಣಕ್ಕೇ ಕುತ್ತಾಗಬಲ್ಲದು ಎಂದು ವೈದ್ಯರು ವಿವರಿಸಿದರು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಕೂಡ ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸುತ್ತದೆಯಂತೆ. ತಂದೆಯವರು ಉಳಿದರು, ಅದೇ ನಮ್ಮ ಪುಣ್ಯ. ಡೈಕ್ಲೋಫೆನಾಕ್ ಚೀಟಿಯಿಲ್ಲದೆ ಮಾರಬಾರದ ಔಷಧಿ. ಬಾಗಲಕೋಟೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳು ಹಳ್ಳಿ ಅಂಗಡಿಗಳನ್ನೂ ತಪಾಸಣೆ ಮಾಡಬೇಕು. ‘ಬೇರೆ ಯಾವ ಗುಳಿಗೆ ತಗೋತೀರಿ?’ ಎಂದು ಪ್ರತಿ ಗಿರಾಕಿಯನ್ನೂ ಕೇಳುವುದನ್ನು ಕಡ್ಡಾಯಗೊಳಿಸಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

— ಓರ್ವ ಓದುಗ, ಜಮಖಂಡಿ