ಪ್ರಚಾರದ ಮಾತಿನಲ್ಲಿ ‘ನೀವು’ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಬರಹಗಳನ್ನು ಬಿಡದೆ ಓದುತ್ತೇನೆ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, 2024ರಲ್ಲಿ ಮತ ಹಾಕಿದ್ದೂ ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿಯೇ ಗಮನ ಕೊಟ್ಟು ಓದುತ್ತೇನೆ. ಆಗ ಉಪಾಧ್ಯಕ್ಷೆಯಾಗಿದ್ದ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಯಾಕೆ ಸೋತರು ಅನ್ನುವುದಕ್ಕೆ ನಿಮ್ಮ ಅಂಕಣಗಳಲ್ಲಿ ಎರಡೇ ಉತ್ತರ ಮತ್ತೆ ಮತ್ತೆ ಬರುತ್ತವೆ. ಅವರು ಹೆಣ್ಣು, ಮತ್ತು ಅಧ್ಯಕ್ಷ ಬೈಡನ್ ಕಣದಿಂದ ಹಿಂದೆ ಸರಿದ ಮೇಲೆ ಪ್ರಚಾರಕ್ಕೆ ಅವರಿಗೆ ಸಿಕ್ಕಿದ್ದು ಬರೀ 107 ದಿನ. ಎರಡರಲ್ಲೂ ನಿಜ ಇದೆ. ಆದರೆ ಪ್ರಚಾರದ ಮಾತಿನ ಬಗ್ಗೆ, ಅಂದರೆ ಆ 107 ದಿನ ಜನರಿಗೆ ಏನು ಹೇಳಿದರು, ಅದು ಜನರಿಗೆ ಹೇಗೆ ಕೇಳಿಸಿತು ಅನ್ನುವುದರ ಬಗ್ಗೆ ಯಾರೂ ಬರೆಯುತ್ತಿಲ್ಲ. ಅದಕ್ಕೇ ಈ ಪತ್ರ.

ಆ ವರ್ಷ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಹ್ಯಾರಿಸ್ ಪರ ಮನೆ ಮನೆ ಸುತ್ತುತ್ತಿದ್ದ ಒಬ್ಬ ಹುಡುಗ ನಮ್ಮ ಬೀದಿಗೆ ಬಂದ. ಇಪ್ಪತ್ತು ವರ್ಷ ಇರಬಹುದು, ಬೇರೆ ರಾಜ್ಯದಿಂದ ಸ್ವಂತ ಖರ್ಚಿನಲ್ಲಿ ಬಂದಿದ್ದ. ಕೈಯಲ್ಲಿ ಫೋನು. ಯಾವ ಮನೆಯಲ್ಲಿ ಯಾರಿದ್ದಾರೆ, ಏನು ಹೇಳಬೇಕು ಅನ್ನುವುದೆಲ್ಲ ಅದರಲ್ಲಿ ಇತ್ತು. ಪಕ್ಕದ ಮನೆಯವರು ಆಗಷ್ಟೇ ಕಾರಿನಿಂದ ದಿನಸಿ ಚೀಲ ಇಳಿಸುತ್ತಿದ್ದರು. ಇಬ್ಬರು ಮಕ್ಕಳ ತಾಯಿ, 2020ರಲ್ಲಿ ಬೈಡನ್‌ಗೆ ಮತ ಹಾಕಿದ್ದವರು. ಹುಡುಗ ಪ್ರಜಾಪ್ರಭುತ್ವಕ್ಕೆ ಬಂದಿರುವ ಅಪಾಯದಿಂದ ಮಾತು ಶುರು ಮಾಡಿದ. ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಈ ನಾಲ್ಕು ಚೀಲಕ್ಕೆ ಎಷ್ಟಾಯ್ತು ಗೊತ್ತಾ?” ಅಂದರು. ಅವನು ಫೋನು ನೋಡಿಕೊಂಡು, ಹಣದುಬ್ಬರ ಈಗ ತುಂಬಾ ಇಳಿದಿದೆ ಅಂದ. “ಯಾವ ಅಂಗಡೀಲಿ?” ಅಂತ ಕೇಳಿ ಅವರು ಒಳಗೆ ಹೋದರು.

ಹುಡುಗ ಹೇಳಿದ್ದು ಸುಳ್ಳಲ್ಲ. 2022ರ ಜೂನ್‌ನಲ್ಲಿ ಶೇ 9.1 ಇದ್ದ ಹಣದುಬ್ಬರ 2024ರ ಸೆಪ್ಟೆಂಬರ್ ಹೊತ್ತಿಗೆ ಶೇ 2.4ಕ್ಕೆ ಬಂದಿತ್ತು. ಆದರೆ ಹಣದುಬ್ಬರ ಇಳಿಯುವುದು ಅಂದರೆ ಬೆಲೆ ಏರುವ ವೇಗ ಇಳಿಯುವುದು ಅಷ್ಟೇ. ಏರಿದ ಬೆಲೆ ಏರಿದಲ್ಲೇ ಇರುತ್ತದೆ. ಅರ್ಥಶಾಸ್ತ್ರ ಓದಿದವರಿಗೆ ಇದು ಸಣ್ಣ ವಿಷಯ, ಆದರೆ ವಾರ ವಾರ ಬಿಲ್ ಕಟ್ಟುವವರಿಗೆ ನೀವು ಅವರ ಕಣ್ಣೆದುರಿಗೇ ಸುಳ್ಳು ಹೇಳುತ್ತಿದ್ದೀರಿ ಅನ್ನಿಸುತ್ತದೆ. ಇನ್ನು ಬೈಡನ್ 2023ರ ಜೂನ್‌ನಲ್ಲಿ ಷಿಕಾಗೊಗೆ ಹೋಗಿ ‘ಬೈಡನಾಮಿಕ್ಸ್’ (ಬೈಡನ್ ಅವರ ಆರ್ಥಿಕ ನೀತಿ) ಅನ್ನುವ ಪದವನ್ನು ಹೆಮ್ಮೆಯಿಂದ ತಮ್ಮದಾಗಿಸಿಕೊಂಡಿದ್ದರು. ಜನ ಬೆಲೆ ನೋಡಿ ಬೈದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಆ ಬೆಲೆಗೆ ತಮ್ಮ ಹೆಸರನ್ನೇ ಬರೆದುಕೊಂಡ ಹಾಗಾಯಿತು. ಇಂಥದ್ದೊಂದು ಸಲಹೆ ಕೊಟ್ಟವರು ಯಾರು ಅಂತ ನನಗೆ ಇವತ್ತಿಗೂ ಬೇಸರ.

ಪಕ್ಕದ ಮನೆಯವರು ಕೇಳಿದಂಥ ಪ್ರಶ್ನೆಯನ್ನೇ 1980ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರೊನಾಲ್ಡ್ ರೇಗನ್ ಕೇಳಿದ್ದರು. ಅಕ್ಟೋಬರ್ 28, ಕ್ಲೀವ್‌ಲ್ಯಾಂಡ್‌ನಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಜೊತೆ ಚರ್ಚೆ, ಮತದಾನಕ್ಕೆ ಒಂದು ವಾರ ಬಾಕಿ. ನಾಲ್ಕು ವರ್ಷದ ಹಿಂದಿಗಿಂತ ನೀವು ಈಗ ಚೆನ್ನಾಗಿದ್ದೀರಾ ಅಂತ ಕೇಳಿದರು. ಎಲ್ಲರಿಗೂ ನೆನಪಿರುವುದು ಅಷ್ಟು ಮಾತ್ರ. ಅದರ ಬೆನ್ನಿಗೇ ಬಂದ ಮಾತು ಇನ್ನೂ ಹತ್ತಿರದ್ದು: ಅಂಗಡಿಗೆ ಹೋಗಿ ಸಾಮಾನು ಕೊಳ್ಳುವುದು ನಾಲ್ಕು ವರ್ಷದ ಹಿಂದಿಗಿಂತ ನಿಮಗೆ ಸುಲಭ ಆಗಿದೆಯಾ? ಅದರಲ್ಲಿ ರೇಗನ್ ಇಲ್ಲ, ಕಾರ್ಟರ್ ಕೂಡ ಇಲ್ಲ. ಇರುವುದು ಕೇಳುತ್ತಾ ಕೂತವರು ಮಾತ್ರ. ಉತ್ತರವನ್ನು ಅವರೇ ಮನಸ್ಸಿನಲ್ಲಿ ಹೇಳಿಕೊಂಡರು. ರೇಗನ್ 44 ರಾಜ್ಯ ಗೆದ್ದರು.

ನನ್ನ ಪ್ರಕಾರ ಪ್ರಚಾರದ ಮಾತನ್ನು ಅಳೆಯಬೇಕಾದ್ದು ಹೀಗೆ. ಆ ವಾಕ್ಯ ಯಾರ ಬಗ್ಗೆ ಇದೆ?

1992ರ ಅಕ್ಟೋಬರ್ 15ರ ರಿಚ್ಮಂಡ್ ಚರ್ಚೆಯ ವಿಡಿಯೊ ಸಿಕ್ಕರೆ ದಯವಿಟ್ಟು ನೋಡಿ. ಸಭೆಯಲ್ಲಿದ್ದ ಸಾಮಾನ್ಯ ಮತದಾರರೇ ಪ್ರಶ್ನೆ ಕೇಳುವ ಚರ್ಚೆ ಅದು. ಒಬ್ಬ ಹೆಣ್ಣುಮಗಳು ಎದ್ದು ನಿಂತು, ದೇಶದ ಸಾಲದಿಂದ ನಿಮ್ಮ ಸ್ವಂತ ಜೀವನಕ್ಕೆ ಏನು ತೊಂದರೆ ಆಗಿದೆ ಅಂತ ಅಭ್ಯರ್ಥಿಗಳನ್ನು ಕೇಳುತ್ತಾರೆ. ಅಧ್ಯಕ್ಷ ಜಾರ್ಜ್ ಬುಷ್ ಆ ಹೊತ್ತಿಗೆ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಆಮೇಲೆ ಬಡ್ಡಿ ದರದ ಮಾತು ಎತ್ತುತ್ತಾರೆ, ತಡವರಿಸುತ್ತಾರೆ, ಪ್ರಶ್ನೆ ಸರಿಯಾಗಿ ಅರ್ಥವಾಗಲಿಲ್ಲ ಅನ್ನುತ್ತಾರೆ. ಬಿಲ್ ಕ್ಲಿಂಟನ್ ಸರದಿ ಬಂದಾಗ ಅವರು ಸ್ಟೂಲ್ ಬಿಟ್ಟು ಆಕೆಯ ಕಡೆಗೇ ನಡೆದುಕೊಂಡು ಹೋಗಿ, ಇದರಿಂದ ನಿಮಗೆ ಏನಾಗಿದೆ, ಇನ್ನೊಮ್ಮೆ ಹೇಳಿ ಅಂತಾರೆ. ಕೆಲಸ ಕಳೆದುಕೊಂಡವರು ನಿಮಗೆ ಗೊತ್ತಲ್ವಾ ಅಂತಾರೆ. ಸಾಲದ ಅಂಕಿ ಅಂಶ ಕ್ಲಿಂಟನ್‌ಗೂ ಗೊತ್ತಿತ್ತು. ಆದರೆ ಆಕೆ ಕೇಳಿದ್ದು ಅಂಕಿ ಅಂಶ ಅಲ್ಲ ಅನ್ನುವುದೂ ಅವರಿಗೆ ಗೊತ್ತಿತ್ತು.

ಈಗ 2016ಕ್ಕೆ ಬನ್ನಿ. ಹಿಲರಿ ಕ್ಲಿಂಟನ್ ಬೆಂಬಲಿಗರು ಅಂಗಿ ಮೇಲೆ, ಕಾರಿನ ಮೇಲೆ ಹಾಕಿಕೊಂಡು ಓಡಾಡಿದ ಮಾತು ‘ನಾನು ಅವರ ಜೊತೆ’. ಯಾರ ಬಗ್ಗೆ ಈ ವಾಕ್ಯ? ಅಭ್ಯರ್ಥಿಯ ಬಗ್ಗೆ. ಮತದಾರ ಹಿಂದೆ ನಿಲ್ಲಬೇಕು. ಆ ಜುಲೈನಲ್ಲಿ ರಿಪಬ್ಲಿಕನ್ ಸಮಾವೇಶದಲ್ಲಿ, ಅದೂ ರೇಗನ್ ಪ್ರಶ್ನೆ ಕೇಳಿದ ಅದೇ ಕ್ಲೀವ್‌ಲ್ಯಾಂಡ್‌ನಲ್ಲಿ, ಡೊನಾಲ್ಡ್ ಟ್ರಂಪ್ ಆ ಘೋಷಣೆಯನ್ನೇ ಎತ್ತಿಕೊಂಡು ತಿರುಗಿಸಿದರು: ನಾನು ನಿಮ್ಮ ಜೊತೆ. ಒಂದೇ ಒಂದು ಪದದ ವ್ಯತ್ಯಾಸ. ಕ್ಲಿಂಟನ್ ಪಕ್ಷದ ಅಭ್ಯರ್ಥಿಯಾದ ಮೇಲೆ ವಿಸ್ಕಾನ್ಸಿನ್‌ಗೆ ಒಮ್ಮೆಯೂ ಪ್ರಚಾರಕ್ಕೆ ಹೋಗಲಿಲ್ಲ, ಅಲ್ಲಿ 23 ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. ಮಿಷಿಗನ್‌ನಲ್ಲಿ 10,704. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಸುಮಾರು 44 ಸಾವಿರ. ದೇಶದ ಒಟ್ಟು ಮತದಲ್ಲಿ 28 ಲಕ್ಷಕ್ಕೂ ಹೆಚ್ಚು ಮುಂದಿದ್ದರು, ಆದರೆ ಇಲ್ಲಿ ಗೆಲ್ಲಲು ಬೇಕಿರುವುದು ರಾಜ್ಯವಾರು ಹಂಚಿದ 538 ಎಲೆಕ್ಟೋರಲ್ ಮತಗಳಲ್ಲಿ 270. ಅದು ಈ ಮೂರು ರಾಜ್ಯಗಳಲ್ಲಿ ಕೈತಪ್ಪಿ ಹೋಯಿತು.

ಎಂಟು ವರ್ಷ ಆದ ಮೇಲೂ ಪಾಠ ಕಲಿಯಲಿಲ್ಲ ಅನ್ನುವುದೇ ನನ್ನ ಸಂಕಟ. 2024ರಲ್ಲಿ ಫುಟ್‌ಬಾಲ್ ಪಂದ್ಯಗಳ ಮಧ್ಯೆ ಟ್ರಂಪ್ ಕಡೆಯ ಒಂದು ಜಾಹೀರಾತು ಮತ್ತೆ ಮತ್ತೆ ಬಂತು. ಜೈಲಿನಲ್ಲಿರುವ ಟ್ರಾನ್ಸ್‌ಜೆಂಡರ್ ಜನರ ಚಿಕಿತ್ಸೆ ಬಗ್ಗೆ ಹ್ಯಾರಿಸ್ 2019ರಲ್ಲಿ ಹೇಳಿದ್ದ ಮಾತನ್ನು ತೋರಿಸಿ, ಹ್ಯಾರಿಸ್ ಇರುವುದು ‘ಅವರ’ ಪರ, ಟ್ರಂಪ್ ಇರುವುದು ‘ನಿಮ್ಮ’ ಪರ ಅಂತ ಮುಗಿಸುತ್ತಿದ್ದರು. ಆ ಜಾಹೀರಾತು ನನಗೆ ತುಂಬಾ ನೋವು ಕೊಟ್ಟಿತು. ಮೊದಲೇ ಕಷ್ಟದಲ್ಲಿರುವ ಕೆಲವೇ ಕೆಲವು ಜನರನ್ನು ತೋರಿಸಿ ಉಳಿದವರಲ್ಲಿ ಸಿಟ್ಟು ಹುಟ್ಟಿಸುವುದು ತಪ್ಪು. ಇದನ್ನು ಚಾಣಾಕ್ಷತನ ಅಂತ ಹೊಗಳುವ ಬರಹಗಳು ನಿಮ್ಮಲ್ಲೂ ಬಂದವು, ನನಗೆ ಒಪ್ಪಿಗೆ ಇಲ್ಲ. ಆದರೂ ಅದು ಯಾಕೆ ನಾಟಿತು ಅಂತ ನೋಡಲೇಬೇಕು. ‘ನಿಮ್ಮ ಪರ’ ಅನ್ನುವ ಜಾಗವನ್ನು ಇನ್ನೊಂದು ಕಡೆಯವರು ಖಾಲಿ ಬಿಟ್ಟಿದ್ದರು.

ಹ್ಯಾರಿಸ್ ಹತ್ತಿರ ಹೇಳಲು ಏನೂ ಇರಲಿಲ್ಲ ಅಂತಲ್ಲ. ಮೊದಲ ಸಲ ಮನೆ ಕೊಳ್ಳುವವರಿಗೆ 25,000 ಡಾಲರ್ ನೆರವು, ಮಗು ಹುಟ್ಟಿದ ವರ್ಷ 6,000 ಡಾಲರ್ ತೆರಿಗೆ ರಿಯಾಯಿತಿ, ವಯಸ್ಸಾದ ತಂದೆ ತಾಯಿಯನ್ನು ಮನೆಯಲ್ಲೇ ನೋಡಿಕೊಳ್ಳುವ ಖರ್ಚಿಗೆ ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆ. ಈ ಕೊನೆಯದನ್ನು ಕೇಳಿದಾಗ ನನ್ನ ಹೆಂಡತಿ ಟಿವಿ ಮುಂದೆ ಬಂದು ಕೂತಳು, ಅಷ್ಟು ಹತ್ತಿರದ ಮಾತು ಅದು. ಆದರೆ ಆ ಮಾತುಗಳನ್ನು ಬಿಡದೆ ಹಿಡಿದುಕೊಳ್ಳಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಟ್ರಂಪ್‌ರನ್ನು ವಿರೋಧಿಸುತ್ತಿದ್ದ ರಿಪಬ್ಲಿಕನ್ ನಾಯಕಿ ಲಿಜ್ ಚೇನಿ ಜೊತೆ ಒಂದೇ ದಿನ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಸುತ್ತಿದರು. ಟ್ರಂಪ್ ಎಷ್ಟು ಅಪಾಯ ಅನ್ನುವುದೇ ಮುಖ್ಯ ಮಾತಾಯಿತು. ವಾಕ್ಯ ಮತ್ತೆ ಟ್ರಂಪ್ ಬಗ್ಗೆ! ಅಕ್ಟೋಬರ್ 8ರಂದು ಟಿವಿ ಕಾರ್ಯಕ್ರಮವೊಂದರಲ್ಲಿ, ಈ ನಾಲ್ಕು ವರ್ಷದಲ್ಲಿ ಬೈಡನ್‌ಗಿಂತ ಬೇರೆ ರೀತಿ ಏನಾದರೂ ಮಾಡುತ್ತಿದ್ದಿರಾ ಅಂತ ಕೇಳಿದಾಗ, ಏನೂ ಹೊಳೆಯುತ್ತಿಲ್ಲ ಅಂದುಬಿಟ್ಟರು. ಬೆಲೆ ಏರಿಕೆಯಿಂದ ಬೇಸತ್ತವರು ಕಾಯುತ್ತಿದ್ದುದೇ ಆ ಪ್ರಶ್ನೆಗೆ ಒಂದು ಸರಿಯಾದ ಉತ್ತರಕ್ಕೆ.

ಇನ್ನೊಂದು ಉದಾಹರಣೆ ನೆವಾಡಾದ್ದು. ಲಾಸ್ ವೇಗಸ್‌ನ ಹೋಟೆಲ್‌ಗಳಲ್ಲಿ ದುಡಿಯುವ ಸಾವಿರಾರು ಜನರ ಸಂಪಾದನೆಯಲ್ಲಿ ಟಿಪ್ಸ್ ದೊಡ್ಡ ಪಾಲು. ಜೂನ್‌ನಲ್ಲಿ ಟ್ರಂಪ್ ಅಲ್ಲಿಗೆ ಹೋಗಿ ಟಿಪ್ಸ್ ಮೇಲೆ ತೆರಿಗೆ ಇಲ್ಲ ಅಂದರು. ಆಗಸ್ಟ್‌ನಲ್ಲಿ ಹ್ಯಾರಿಸ್ ಅದೇ ಊರಿನಲ್ಲಿ ಅದೇ ಭರವಸೆ ಕೊಟ್ಟರು. ಎರಡನೆಯವರಾಗಿ ಹೇಳಿದರೆ ಅದು ನಿಮ್ಮ ಮಾತಾಗುವುದಿಲ್ಲ. 2004ರ ನಂತರ ಮೊದಲ ಸಲ ನೆವಾಡಾ ರಿಪಬ್ಲಿಕನ್ನರ ಪಾಲಾಯಿತು. ಪೈಪೋಟಿ ಇದ್ದ ಏಳೂ ರಾಜ್ಯಗಳು ಅವರಿಗೇ ಹೋದವು, ಎಲೆಕ್ಟೋರಲ್ ಮತ 312ಕ್ಕೆ 226. ಹ್ಯಾರಿಸ್ ಕಡೆಯವರು 100 ಕೋಟಿ ಡಾಲರ್‌ಗೂ ಜಾಸ್ತಿ ಹಣ ಎತ್ತಿದ್ದರು, ನಮ್ಮ ಅಂಚೆ ಡಬ್ಬ ದಿನಾ ಅವರ ಕರಪತ್ರಗಳಿಂದ ತುಂಬಿರುತ್ತಿತ್ತು. ಹಣ ಕಡಿಮೆಯಾಗಿ ಸೋತರು ಅಂತ ಹೇಳುವ ಹಾಗೇ ಇಲ್ಲ.

ಸಂಪಾದಕರೇ, 2028ರ ಚುನಾವಣೆಗೆ ನೀವು ಪುಟಗಟ್ಟಲೆ ಬರೆಯುತ್ತೀರಿ. ಆಗ ಯಾರು ಎಷ್ಟು ಹಣ ಎತ್ತಿದರು, ಯಾರ ಅಜ್ಜಿ ಯಾವ ಊರಿನವರು ಅನ್ನುವುದರ ಜೊತೆಗೆ ವಾರಕ್ಕೊಂದು ಸಲ ಎರಡೂ ಕಡೆಯ ಒಂದೊಂದು ಜಾಹೀರಾತನ್ನು ಕನ್ನಡದಲ್ಲಿ ಪೂರ್ತಿ ಹಾಕಿ. ಕತ್ತರಿಸಬೇಡಿ, ಹಾಗೇ ಹಾಕಿ. ಅದರಲ್ಲಿ ‘ನೀವು’ ಅಂತ ಯಾರನ್ನು ಕರೆಯುತ್ತಿದ್ದಾರೆ, ಯಾರನ್ನು ಹೊರಗಿಡುತ್ತಿದ್ದಾರೆ ಅಂತ ಓದುಗರೇ ನೋಡಿಕೊಳ್ಳಲಿ. ಬೇಕಿದ್ದರೆ ಇಲ್ಲಿ ನಮ್ಮ ಮನೆಗೆ ಬರುವ ಕರಪತ್ರಗಳನ್ನೆಲ್ಲ ಜೋಡಿಸಿ ಕಳಿಸಿಕೊಡುತ್ತೇನೆ. ಹೋದ ಸಲದ್ದು ಇನ್ನೂ ಎರಡು ಡಬ್ಬಿ ಇವೆ.

ನಿಮ್ಮ ಓದುಗ,
ಪೆನ್ಸಿಲ್ವೇನಿಯಾ