ಮರಿ ಬಿಟ್ಟ ಲೆಕ್ಕ ಸಾಕು, ಬಲೆಗೆ ಬಿದ್ದ ಲೆಕ್ಕ ಕೊಡಿ

ಮೀನುಗಾರಿಕೆ ಮತ್ತು ಪರಿಸರ ಖಾತೆಯ ಮಾನ್ಯ ಸಚಿವರಿಗೆ,

ನಮಸ್ಕಾರ. ಕಡಲಾಮೆ ಸಂರಕ್ಷಣೆ ಎಂದ ಕೂಡಲೇ ಪತ್ರಿಕೆಗಳಲ್ಲಿ ಬರುವುದು ಒಂದೇ ಚಿತ್ರ: ಗಣ್ಯರು ಸಾಲಾಗಿ ನಿಂತು ಬುಟ್ಟಿಯಿಂದ ಮರಿಗಳನ್ನು ಅಲೆಯತ್ತ ಬಿಡುತ್ತಿರುತ್ತಾರೆ. ಬಿಡಲಿ, ಬೇಡವೆನ್ನುವವರು ಯಾರು? ಆದರೆ ಬಿಟ್ಟ ಮರಿಗಳ ಸಂಖ್ಯೆಯನ್ನೇ ಸಾಧನೆ ಎಂದು ವರದಿಯಲ್ಲಿ ಬರೆದುಕೊಳ್ಳುವುದಕ್ಕೆ ನನ್ನ ತಕರಾರಿದೆ.

ಅಮೆರಿಕದ ಆಗ್ನೇಯ ಕರಾವಳಿಯ ಲಾಗರ್‌ಹೆಡ್ ಎಂಬ ಜಾತಿಯ ಕಡಲಾಮೆಗಳ ಹುಟ್ಟು ಸಾವಿನ ಲೆಕ್ಕವನ್ನು 1987ರಲ್ಲಿ ವಿಜ್ಞಾನಿಗಳಾದ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್ ಮತ್ತು ಹ್ಯಾಲ್ ಕ್ಯಾಸ್ವೆಲ್ ಹಾಕಿ ನೋಡಿದ್ದರು. ದಡದಲ್ಲಿ ಒಂದೇ ಒಂದು ಮೊಟ್ಟೆ ಹಾಳಾಗದಂತೆ ಕಾದರೂ ಸಂತತಿ ಇಳಿಯುತ್ತಲೇ ಹೋಗುತ್ತದೆ ಎಂದು ಆ ಲೆಕ್ಕ ಹೇಳಿತು. ಇಳಿತ ನಿಲ್ಲಬೇಕಾದರೆ ಪ್ರಾಯಕ್ಕೆ ಬರುತ್ತಿರುವ ದೊಡ್ಡ ಆಮೆಗಳು ಬದುಕಬೇಕು. ಕಾರಣ ಸರಳ. ಮರಿಗಳಲ್ಲಿ ಬಹುಪಾಲು ಹೇಗೂ ಉಳಿಯುವುದಿಲ್ಲ. ಲಾಗರ್‌ಹೆಡ್ ಮೊಟ್ಟೆಯಿಡುವ ವಯಸ್ಸಿಗೆ ಬರಲು ಎರಡು ಮೂರು ದಶಕ ಬೇಕು. ಅಷ್ಟು ಕಾಲ ಎಲ್ಲ ಬಾಯಿಗಳಿಂದಲೂ ತಪ್ಪಿಸಿಕೊಂಡು ಬಂದ ಹೆಣ್ಣೊಂದು ಸಿಗಡಿ ಬಲೆಯಲ್ಲಿ ಸತ್ತರೆ, ಆ ನಷ್ಟವನ್ನು ಬುಟ್ಟಿಗಟ್ಟಲೆ ಮರಿಗಳೂ ತುಂಬಿಕೊಡಲಾರವು.

ಬಲೆಯಲ್ಲಿ ಆಗುವುದಾದರೂ ಏನು? ಆಮೆಗೆ ಇರುವುದು ಶ್ವಾಸಕೋಶ, ಕಿವಿರಲ್ಲ. ದೋಣಿಯ ಹಿಂದೆ ಕಟ್ಟುವ ಟ್ರಾಲ್ ಬಲೆಯನ್ನು ನೀರಡಿಯಲ್ಲಿ ಗಂಟೆಗಟ್ಟಲೆ ಎಳೆದರೆ ಒಳಗೆ ಸಿಕ್ಕಿದ ಆಮೆ ಉಸಿರುಗಟ್ಟುತ್ತದೆ. ಮೇಲೆತ್ತಿದಾಗ ಅದು ಸತ್ತಂತೆ ಬಿದ್ದಿರುತ್ತದೆಯಾದರೂ ಎಷ್ಟೋ ಸಲ ಸತ್ತಿರುವುದಿಲ್ಲ, ಪ್ರಜ್ಞೆ ತಪ್ಪಿರುತ್ತದೆ ಅಷ್ಟೆ. ಹಾಗೇ ನೀರಿಗೆ ಎಸೆದರೆ ಮುಳುಗಿ ಸಾಯುತ್ತದೆ. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗವನ್ನು ಒಂದು ಗೇಣಿನಷ್ಟು ಎತ್ತರಿಸಿ, ನೆರಳಲ್ಲಿಟ್ಟು, ಮೈ ಒದ್ದೆಯಾಗಿರುವಂತೆ ನೋಡಿಕೊಂಡರೆ ಕೆಲವು ಗಂಟೆಗಳಲ್ಲಿ, ಕೆಲವೊಮ್ಮೆ ಇಡೀ ದಿನದ ನಂತರ, ಅದು ಚೇತರಿಸಿಕೊಳ್ಳಬಹುದು. ದೋಣಿಯವರಿಗೆ ಇದನ್ನು ಕಲಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ.

ಆಮೆಯನ್ನು ಹೊರಬಿಡಲು ಬಲೆಗೆ ಅಳವಡಿಸುವ ಸಾಧನವೂ ಇದೆ, ಟಿಇಡಿ (ಟರ್ಟಲ್ ಎಕ್ಸ್‌ಕ್ಲೂಡರ್ ಡಿವೈಸ್). ಬಲೆಯ ಕೊರಳಲ್ಲಿ ಓರೆಯಾಗಿ ಕೂರಿಸಿದ ಕಂಬಿಗಳ ಜಾಲರಿ ಅದು. ಸಿಗಡಿ ಕಂಬಿಗಳ ನಡುವೆ ಹಾದು ಹಿಂದಿನ ಚೀಲ ಸೇರುತ್ತದೆ, ಆಮೆ ಕಂಬಿಗೆ ತಾಗಿ ಜಾರಿ ಮೇಲಿನ ಅಥವಾ ಕೆಳಗಿನ ಕಿಂಡಿಯಿಂದ ಹೊರಬೀಳುತ್ತದೆ. ಆ ಕಿಂಡಿಯನ್ನು ಹೊಲಿದು ಮುಚ್ಚುವವರೂ ಇದ್ದಾರೆ, ಮೀನೂ ಸಿಗಡಿಯೂ ಅಲ್ಲಿಂದಲೇ ಸೋರಿಹೋಗುತ್ತವೆ ಎಂಬ ಭಯಕ್ಕೆ. ಅವರನ್ನು ಖಳರೆಂದು ಬೈದು ಪ್ರಯೋಜನವಿಲ್ಲ. ಸಾಧನದ ಖರ್ಚನ್ನೂ ಮೊದಲ ಹಂಗಾಮುಗಳ ನಷ್ಟವನ್ನೂ ಸರ್ಕಾರ ಹೊರಲಿ. ಆಮೇಲೂ ಕಿಂಡಿ ಮುಚ್ಚಿದವರಿಗೆ ದಂಡ ಹಾಕಲಿ. ತಪಾಸಣೆ ಬಂದರಿನಲ್ಲಷ್ಟೇ ನಡೆದರೆ ಸಾಲದು, ಸಮುದ್ರದಲ್ಲೂ ಆಗಬೇಕು.

ಹಾಗೆಂದು ದಡವನ್ನು ಮರೆಯಿರಿ ಎನ್ನುತ್ತಿಲ್ಲ. ಮಲೇಷ್ಯಾದ ತೆರೆಂಗಾನುವಿನಲ್ಲಿ 1950ರ ದಶಕದಲ್ಲಿ ವರ್ಷಕ್ಕೆ ಲೆದರ್‌ಬ್ಯಾಕ್ ಜಾತಿಯ ಆಮೆಗಳ ಸಾವಿರಾರು ಗೂಡುಗಳು ಸಿಗುತ್ತಿದ್ದವು. ದಶಕಗಳ ಕಾಲ ಮೊಟ್ಟೆಗಳನ್ನು ಬಾಚಿದರು, ಜೊತೆಗೆ ದೊಡ್ಡ ಆಮೆಗಳು ಬಲೆಗಳಲ್ಲಿ ಸತ್ತವು. ಈಗ ಅಲ್ಲಿ ಗೂಡು ಕಾಣುವುದೇ ಅಪರೂಪ. ಮೊಟ್ಟೆ ಕದ್ದ ಪರಿಣಾಮ ತಕ್ಷಣ ಕಾಣುವುದಿಲ್ಲ, ಹಳೆಯ ಹೆಣ್ಣುಗಳು ಬರುತ್ತಲೇ ಇರುತ್ತವೆ, ಅದೇ ಮೋಸ. ಮೆಕ್ಸಿಕೊದ ರಾಂಚೊ ನ್ಯೂವೊದಲ್ಲಿ ಇದಕ್ಕೆ ಉಲ್ಟಾ ನಡೆಯಿತು. ಅಲ್ಲಿ ಕೆಂಪ್ಸ್ ರಿಡ್ಲೆ ಎಂಬ ಜಾತಿಯ ಆಮೆಗಳ ಗೂಡುಗಳು 1985ರಲ್ಲಿ ಸುಮಾರು 700ಕ್ಕೆ ಕುಸಿದಿದ್ದವು. 1966ರಿಂದಲೇ ನಡೆದಿದ್ದ ದಡದ ಕಾವಲಿಗೆ ಟಿಇಡಿ ಸೇರಿದ ಮೇಲೆ ಸಂಖ್ಯೆ ಮತ್ತೆ ಸಾವಿರಗಳಿಗೆ ಏರಿತು.

ಆದ್ದರಿಂದ ಆದ್ಯತೆಯನ್ನು ಆಯಾ ಜಾಗ ನೋಡಿಯೇ ತೀರ್ಮಾನಿಸಬೇಕು. ಎಲ್ಲಕ್ಕೂ ಸಮನಾಗಿ ಹಣ ಹಂಚುವುದು ಸುಲಭ, ಯಾರಿಗೂ ಬೇಸರವಾಗುವುದಿಲ್ಲ, ಆಮೆಗೂ ಹೆಚ್ಚೇನೂ ಸಿಗುವುದಿಲ್ಲ. ಪ್ಲಾಸ್ಟಿಕ್ ಬಗ್ಗೆ ಭಾಷಣ ಹೆಚ್ಚು, ಆದರೆ ಸಮುದ್ರದಲ್ಲಿ ಬಿಟ್ಟುಹೋದ ಹರಕು ಬಲೆಗಳು ಅದಕ್ಕಿಂತ ಮೊದಲು ಗಮನಕ್ಕೆ ಬರಬೇಕು. ಹೊಳೆಯುವ ದಿಕ್ಕನ್ನೇ ಸಮುದ್ರವೆಂದು ನಂಬಿ ರಸ್ತೆಯತ್ತ ತೆವಳುವ ಮರಿಗಳಿಗಾಗಿ ದಡದ ದೀಪಗಳಿಗೆ ಮರೆ ಕಟ್ಟಿಸಿ, ಖರ್ಚು ಕಡಿಮೆ, ಫಲ ಅದೇ ರಾತ್ರಿ. ಮರಳು ಬಿಸಿಯಾದಷ್ಟೂ ಹೆಣ್ಣು ಮರಿಗಳೇ ಹೆಚ್ಚುತ್ತವೆ. ಹವಾಮಾನ ನಿಮ್ಮೊಬ್ಬರ ಕೈಯಲ್ಲಿಲ್ಲ ನಿಜ, ಮೊಟ್ಟೆಗಳನ್ನು ಕಾಪಾಡಿ ಮರಿ ಮಾಡಿಸುವ ಕೇಂದ್ರಗಳಿಗೆ ನೆರಳು ಹಾಕಿಸುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ.

ಮುಂದಿನ ಬಜೆಟ್‌ಗೆ ಮೊದಲು ಒಂದು ಪಟ್ಟಿ ಪ್ರಕಟಿಸಿ: ಯಾವ ಜಾತಿಯ ಎಷ್ಟು ಆಮೆಗಳು, ಎಲ್ಲಿ, ಯಾವ ತಿಂಗಳಲ್ಲಿ, ಯಾವ ಬಗೆಯ ಬಲೆಗೆ ಅಥವಾ ಗಾಳಕ್ಕೆ ಬಿದ್ದು ಸತ್ತವು. ಅದಕ್ಕೆ ಕೆಲವು ದೋಣಿಗಳಲ್ಲಿ ವೀಕ್ಷಕರು ಬೇಕು, ದಡಕ್ಕೆ ಬಂದ ಪ್ರತಿ ಹೆಣದ ದಾಖಲೆ ಬೇಕು. ಪಟ್ಟಿ ತಯಾರಿಸುವಾಗ ಮೀನುಗಾರರನ್ನು ಜೊತೆಗೆ ಕೂರಿಸಿಕೊಳ್ಳಿ. ಯಾವ ಹಂಗಾಮಿನಲ್ಲಿ ಎಲ್ಲಿ ಬಲೆ ಹಾಕಬಾರದು ಎಂಬುದು ಅವರಿಗೆ ನಿಮ್ಮ ಅಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇಂತಿ,
ಒಬ್ಬ ನಾಗರಿಕ